ಬಲಗಡೆಯ ಬಲ್ಬು

ಕೊನೆಯ ಬಸ್ಸು ಸಿದ್ದಾರೂಢನನ್ನು ಕ್ರಾಸಿನಲ್ಲಿ ಇಳಿಸಿ ಹೋದಾಗ ರಾತ್ರಿ ಹನ್ನೊಂದು ದಾಟಿತ್ತು. ಎರಡು ಸಾವಿರದ ಎಂಟನೇ ಇಸವಿ, ನವೆಂಬರ್ ತಿಂಗಳು. ಬಸ್ಸಿನ ಹಿಂದಿನ ಕೆಂಪು ದೀಪಗಳು ಇಂಡಿ ಕಡೆ ಸಣ್ಣಗಾಗುತ್ತ ಹೋದವು. ಎರಡೂ ಉರಿಯುತ್ತಿವೆಯೋ ಇಲ್ಲವೋ ಎಂದು ಅವನು ನಿಂತು ನೋಡಿದ. ಯಾವ ಗಾಡಿ ಹೋದರೂ ಹಾಗೆ ನೋಡುವುದು ಅವನಿಗೆ ಅಂಟಿದ ಚಟ. ಎರಡೂ ಉರಿಯುತ್ತಿದ್ದವು.

ಆ ಕ್ರಾಸಿನಲ್ಲಿ ಬಲಕ್ಕೆ ಹೊರಳಿದರೆ ತಾಂಬಾ, ನಮ್ಮೂರು. ಹೊರಳುವ ಕಡೆಯೇ ಒಂದು ಆಲದ ಮರ, ಅದರ ಬುಡಕ್ಕೆ ಹಾಳುಭಾವಿ. ನೀರು ಬತ್ತಿ ಇಪ್ಪತ್ತು ವರ್ಷವಾಗಿರಬೇಕು. ನಮ್ಮ ಕಡೆ ಗಾಜಿನ ಚೂರನ್ನು ಯಾರೂ ತಿಪ್ಪೆಗೆ ಹಾಕುವುದಿಲ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಎತ್ತಿನ ಕಾಲಿಗೆ ಚುಚ್ಚುತ್ತದೆ. ಹಾಗಾಗಿ ಒಡೆದ ಬಾಟಲಿ, ಬಳೆ, ಸುಟ್ಟ ಬಲ್ಬು, ಎಲ್ಲಕ್ಕೂ ಈ ಭಾವಿಯೇ. ಸಿದ್ದಾರೂಢನ ಟವೆಲ್ಲಿನ ಗಂಟಿನಲ್ಲಿ ಹತ್ತು ಬಲ್ಬುಗಳಿದ್ದವು. ಹೆಜ್ಜೆ ಇಟ್ಟಾಗೊಮ್ಮೆ ಒಂದಕ್ಕೊಂದು ತಾಗಿ ಕಿಣ್... ಕಿಣ್... ಅನ್ನುತ್ತಿದ್ದವು.

ಅವನದೊಂದು ಹಳೇ ಅಂಬಾಸಿಡರ್ ಕಾರು, ಬಾಡಿಗೆಗೆ ಓಡುವುದು. ಅವತ್ತು ಅದನ್ನು ಸಿಂದಗಿಯಲ್ಲಿ ಎಲೆಕ್ಟ್ರಿಷಿಯನ್ ಮೆಹರಾಜನ ಹತ್ತಿರ ಬಿಟ್ಟು ಬಂದಿದ್ದ. ಹೆಡ್‌ಲೈಟು ಎರಡನ್ನು ಬಿಟ್ಟು ಉಳಿದ ಬಲ್ಬುಗಳನ್ನೆಲ್ಲ ತೆಗೆಸಿ ಎಲ್‌ಇಡಿ ಹಾಕಿಸುವುದು ಅವನ ವಿಚಾರ. ಆಗಷ್ಟೇ ಬಿಜಾಪುರದ ಅಂಗಡಿಗಳಿಗೆ ಅಗ್ಗದ ಮಾಲು ಬರಲು ಶುರುವಾಗಿತ್ತು. ಹೆಡ್‌ಲೈಟಿಗೂ ಸಿಗುತ್ತಿದ್ದವು, ಆದರೆ ಅವು ರಸ್ತೆಗಿಂತ ಹೆಚ್ಚಾಗಿ ಗಿಡದ ಮೇಲಿನ ಗೂಬೆಗೆ ಬೆಳಕು ತೋರಿಸುತ್ತವೆ ಎಂದು ಮೆಹರಾಜನೇ ಬೇಡ ಅಂದಿದ್ದ. ಹಿಂದಿನ ದೀಪಕ್ಕೆ, ಇಂಡಿಕೇಟರಿಗೆ ಮಾತ್ರ ಚಿಂತೆಯಿಲ್ಲ. "ಇವು ಹೋಗೂದ ಇಲ್ರಿ," ಅಂದಿದ್ದ ಮೆಹರಾಜ. "ನಾವು ನೀವು ಹೋದ ಮ್ಯಾಲೂ ಉರೀತಾವ."

ಅಷ್ಟು ಕೇಳಿದ್ದೇ ತಡ ಸಿದ್ದಾರೂಢ ಹಾಕಿಬಿಡು ಅಂದ.

ತೆಗೆದ ಸಾಮಾನನ್ನು ಎಣಿಸಿ ವಾಪಸ್ ಒಯ್ಯುವುದು ನಮ್ಮ ಡ್ರೈವರುಗಳ ಪದ್ಧತಿ. ಗ್ಯಾರೇಜಿನವರು ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಹಾಕಿಬಿಟ್ಟಾರು ಎಂಬ ಅನುಮಾನ. ಹಾಗೆ ಒಂಬತ್ತು ಹಳೇ ಬಲ್ಬು ಅವನ ಕೈಗೆ ಬಂದವು. ಹತ್ತನೆಯದು ಬೇರೆ. ಅದನ್ನು ಮೆಹರಾಜ ವೈರು ಹುಡುಕುತ್ತ ಡ್ಯಾಶ್‌ಬೋರ್ಡಿನ ಡಬ್ಬಿಯ ಮೂಲೆಯಿಂದ, ಒಂದು ಅರಿವೆಯ ಚಿಂದಿಯೊಳಗಿಂದ ತೆಗೆದ. ಹೊಸ ಬಲ್ಬು. ಗಾಜು ತಿಳಿನೀರಿನ ಹಾಗೆ ಸ್ವಚ್ಛ, ಒಳಗಿನ ತಂತಿ ಒಮ್ಮೆಯೂ ಉರಿದದ್ದಲ್ಲ. ಹಿತ್ತಾಳೆಯ ಬುಡದ ಮೇಲೆ ಮೊಳೆಯಿಂದ ಗೀಚಿದ ಅಂಕಿ... ಎಂಟು, ಹನ್ನೆರಡು. ಇದೂ ಭಾವಿಗೇ ಅಂದ ಸಿದ್ದಾರೂಢ. ಇದನ್ನ್ಯಾಕ ಒಗೀತೀರಿ ಎಂದು ಮೆಹರಾಜ ಕೇಳಿದ. ಸಿದ್ದಾರೂಢ ಕೈ ಚಾಚಿ ತೆಗೆದುಕೊಂಡ, ಅಷ್ಟೆ.

ಆ ಬಲ್ಬಿನ ಕತೆ ಮೊದಲು ಕೇಳಿರಿ. ಆಮೇಲಿನದು ಅದರಿಂದಲೇ ಹುಟ್ಟಿದ್ದು.

ಆ ಕಾರು ಮೊದಲು ಬಾಬುಲಾಲನದು. ಬಾಬುಲಾಲ ಅಂದರೆ ನಮ್ಮೂರಿನಲ್ಲಿ ಶಿಸ್ತಿನ ಡ್ರೈವರ್. ಸಿದ್ದಾರೂಢ ಅವನ ಜೋಡಿ ಡ್ರೈವರ್. ಹಗಲು ಒಬ್ಬ, ರಾತ್ರಿ ಒಬ್ಬ. ಎಲ್ಲಿ ಗಾಡಿ ನಿಂತರೂ ಬಾಬುಲಾಲ ಬೀಡಿ ಹಚ್ಚಿಕೊಂಡು ಹಿಂದೆ ಹೋಗಿ ಬೆರಳಿನ ಬೆಳ್ಳಿ ಉಂಗುರದಿಂದ ದೀಪದ ಗಾಜಿಗೆ ಎರಡು ಸಲ ಬಡಿಯುತ್ತಿದ್ದ. ಟಕ್... ಟಕ್. ಸಡಿಲಿದ್ದರೆ ದೀಪ ಕಣ್ಣು ಮಿಟುಕಿಸುತ್ತದೆ, ತಿಳಿಯುತ್ತದೆ. ಹೊಸ ಬಲ್ಬು ತಂದರೆ ಅದರ ಬುಡಕ್ಕೆ ತಾರೀಖು ಗೀಚುತ್ತಿದ್ದ, ಎಷ್ಟು ದಿನ ಬಾಳಿತೆಂದು ಲೆಕ್ಕಕ್ಕೆ. ಇಂಡಿಕೇಟರ್ ಹಾಕಿದಾಗ ಒಳಗೆ ಟಿಕ್‌ಟಿಕ್‌ಟಿಕ್ ಎಂದು ಅವಸರ ಮಾಡಿದರೆ ಎಲ್ಲೋ ಒಂದು ಬಲ್ಬು ಹೋಗಿದೆ ಎಂದೇ ಅರ್ಥ, ಇಳಿದು ನೋಡಬೇಕು... ಇದನ್ನು ಕಲಿಸಿದವನೂ ಅವನೇ.

ತೊಂಬತ್ತೇಳನೇ ಇಸವಿ, ಡಿಸೆಂಬರ್ ಎಂಟು. ಮುದ್ದೇಬಿಹಾಳಕ್ಕೆ ಬಾಡಿಗೆ ಹೋಗಿ ಇಬ್ಬರೂ ಎರಡು ದಿನ ಕಣ್ಣು ಮುಚ್ಚಿರಲಿಲ್ಲ. ಸಿಂದಗಿಯಲ್ಲಿ ಚಹಾಕ್ಕೆ ನಿಂತಾಗ ಬಲಗಡೆಯ ಹಿಂದಿನ ಬಲ್ಬು ಹೋಗಿದ್ದು ಕಂಡಿತು. ಬಾಬುಲಾಲ ಹೊಸದನ್ನು ತಂದು, ತಾರೀಖು ಗೀಚಿ, ಹಾಕು ಎಂದು ಸಿದ್ದಾರೂಢನ ಕೈಗೆ ಕೊಟ್ಟು ಚಹಾದ ಅಂಗಡಿಗೆ ಹೋದ. ಸಿದ್ದಾರೂಢನಿಗೆ ಎರಡು ಸ್ಕ್ರೂ ಬಿಚ್ಚುವಷ್ಟೂ ತ್ರಾಣವಿರಲಿಲ್ಲ. ಮನೆ ಮುಟ್ಟಿದ ಮೇಲೆ ಹಾಕಿದರಾಯಿತು ಎಂದು ಬಲ್ಬನ್ನು ಕಿಸೆಗೆ ಇಳಿಬಿಟ್ಟು ಮುಂದಿನ ಸೀಟಿನಲ್ಲಿ ಒರಗಿದ. ಬಾಬುಲಾಲ ಬಂದು ಕೇಳಿದ, ಬಲ್ಬ್ ಹಾಕಿದೇನೋ ಎಂದು. ಕಣ್ಣು ತೆರೆಯದೇ ಇವನು ಹಾಕೇನ್ರಿ ಅಂದ. ದಿನಾಲು ಎದ್ದು ಹೋಗಿ ಬಡಿದು ನೋಡುತ್ತಿದ್ದ ಬಾಬುಲಾಲ ಅವತ್ತು ನೋಡಲಿಲ್ಲ. ಅವನಿಗೂ ದಣಿವಾಗಿತ್ತು.

ಇದೇ ಕ್ರಾಸಿನಲ್ಲಿ, ಇದೇ ಭಾವಿಯ ಪಕ್ಕ ರೇಡಿಯೇಟರ್ ಕುದಿಯಿತು. ಬಾಬುಲಾಲ ನೀರಿನ ಕ್ಯಾನು ತೆಗೆಯಲು ಡಿಕ್ಕಿಯ ಹಿಂದೆ ಹೋದ. ಕಬ್ಬಿನ ಟ್ರ್ಯಾಕ್ಟರ್ ಹಿಂದಿನಿಂದ ಬಂದು ಗುದ್ದಿತು, ಬಾಬುಲಾಲ ಅಲ್ಲೇ ತೀರಿಕೊಂಡ. ಒಂದೇ ದೀಪ ಕಂಡಿತು, ಮೋಟರ್ ಸೈಕಲ್ ಅಂದುಕೊಂಡೆ ಎಂದು ಆ ಟ್ರ್ಯಾಕ್ಟರಿನವನು ಅಳುತ್ತ ಹೇಳಿದ. ಹಿಂದಿನ ದೀಪಗಳೆಲ್ಲ ಪುಡಿಪುಡಿಯಾಗಿದ್ದವು, ನೋಡಲು ಏನೂ ಉಳಿದಿರಲಿಲ್ಲ. ಸುಳ್ಳು ಬೊಗಳುತ್ತಾನೆ ಎಂದು ಊರೆಲ್ಲ ಅವನಿಗೆ ಉಗಿಯಿತು. ಅವನು ಹೇಳಿದ್ದು ಖರೆ ಎಂದು ಗೊತ್ತಿದ್ದವನು ಒಬ್ಬನೇ, ಅವನು ಬಾಯಿ ಬಿಡಲಿಲ್ಲ. ಕಿಸೆಯಲ್ಲಿದ್ದ ಬಲ್ಬನ್ನು ಚಿಂದಿಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಯ ಮೂಲೆಗೆ ತುರುಕಿದ.

ಬಾಬುಲಾಲನ ಹೆಂಡತಿ ರೋಷನಬಿ ಕಾರನ್ನು ರಿಪೇರಿ ಮಾಡಿಸಿ ಸಿದ್ದಾರೂಢನ ಕೈಗೇ ಕೊಟ್ಟಳು. ನಿನ್ನ ಮೇಲೆ ಅವರಿಗೆ ಭರವಸೆ ಇತ್ತು ಅಂದಳಂತೆ. ಹನ್ನೊಂದು ವರ್ಷ ಅವನು ದುಡಿದು ಎರಡು ಮನೆ ನಡೆಸಿದ. ಇಂಥ ಮನುಷ್ಯ ಸಿಗುವುದಿಲ್ಲ ಎಂದು ನಾವೆಲ್ಲ ಹೊಗಳಿದೆವು. ನಾವು ಹೊಗಳಿದಷ್ಟೂ ಅವನು ಸೊರಗಿದ. ಬಸವನ ಬಾಗೇವಾಡಿಯಿರಲಿ ನಿಡಗುಂದಿಯಿರಲಿ, ಗಾಡಿ ನಿಂತರೆ ಸಾಕು, ಇಳಿದು ಹಿಂದೆ ಹೋಗಿ ದೀಪ ನೋಡುವುದು. ಮನೆಯ ಮುಂದೆ ನಿಲ್ಲಿಸಿದ ಗಾಡಿಯನ್ನೂ ನಡುರಾತ್ರಿ ಎದ್ದು ನೋಡುವುದು. ಅವನ ಹೆಂಡತಿ ರಾಜೇಶ್ವರಿ ಮೊದಮೊದಲು ಬೈದಳು, ಆಮೇಲೆ ಸುಮ್ಮನಾದಳು. ಹೋಗದೇ ಇರುವ ಬಲ್ಬು ಸಿಗುತ್ತದೆ ಅಂದಾಗ ಅವನು ಹಿಂದೆಮುಂದೆ ನೋಡದೆ ಒಪ್ಪಿದ್ದು ಇದಕ್ಕೇ. ಒಂದು ರಾತ್ರಿಯಾದರೂ ನೆಟ್ಟಗೆ ಮಲಗಬೇಕಿತ್ತು ಪಾಪ.

ಅದಿರಲಿ. ಅವನು ಭಾವಿಯ ಕಟ್ಟೆಗೆ ಹೋಗಿ ಟವೆಲ್ಲು ಬಿಚ್ಚಿ ಹತ್ತೂ ಬಲ್ಬು ಒಳಗೆ ಸುರಿದ. ಆ ಭಾವಿಯ ತಳ ಬರೀ ಕಲ್ಲು. ಒಂದು ಬಳೆ ಚೂರು ಬಿದ್ದರೂ ಛಳ್ ಅನ್ನುತ್ತದೆ. ಅವನು ಕಿವಿಗೊಟ್ಟು ನಿಂತ...

ಏನೂ ಕೇಳಲಿಲ್ಲ. ಒಂದೂ ಒಡೆಯಲಿಲ್ಲ.

ಕೆಳಗೆ ಯಾರೋ ಸೆರಗು ಹಿಡಿದು ಆಯ್ದುಕೊಂಡ ಹಾಗೆ ಆಯಿತು ಎಂದು ಅವನೇ ಆಮೇಲೆ ಹೇಳಿದ. ಅವತ್ತು ಮಾತ್ರ ನಿದ್ದೆಗಣ್ಣು ಎಂದುಕೊಂಡು ಮನೆಗೆ ನಡೆದ.

ಮರುದಿನ ಗಾಡಿ ತಂದ. ಹಿಂದಿನ ದೀಪಗಳು ಹೊಸ ಕುಂಕುಮದಂತೆ ಕೆಂಪಗೆ ಉರಿಯುತ್ತಿದ್ದವು. ಕ್ರಾಸಿಗೆ ಬಂದು ಬಲಗಡೆಯ ಇಂಡಿಕೇಟರ್ ಹಾಕಿದ. ಟಿಕ್‌ಟಿಕ್‌ಟಿಕ್‌ಟಿಕ್... ಒಂದೇ ಸಮನೆ ಅವಸರ. ಬಲ್ಬು ಹೋಯಿತೇ? ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದ. ಇಂಜಿನ್ನಿನ ಸದ್ದಿನ ನಡುವೆ ಹಿಂದಿನಿಂದ ಇನ್ನೊಂದು ಸದ್ದು.

ಟಕ್... ಟಕ್.

ತಗಡಿನ ಸದ್ದಲ್ಲ. ಗಾಜಿಗೆ ಉಂಗುರ ತಾಗಿದ ಸದ್ದು. ಅವನಿಗೆ ಆ ಸದ್ದು ಗೊತ್ತಿಲ್ಲವೇ. ಇಳಿದು ಹಿಂದೆ ಹೋದ. ಯಾರೂ ಇಲ್ಲ. ದೀಪಗಳೆಲ್ಲ ಸರಿಯಾಗಿ ಉರಿಯುತ್ತಿದ್ದವು.

ಸಿಂದಗಿಗೆ ಹೋಗಿ ಮೆಹರಾಜನಿಗೆ ಟಿಕ್‌ಟಿಕ್ ಮಾತ್ರ ಹೇಳಿದ, ಟಕ್ ಟಕ್ ಹೇಳಲಿಲ್ಲ. ಮೆಹರಾಜ ನಕ್ಕ. ಹೊಸ ಬಲ್ಬು ಕರೆಂಟು ಕಮ್ಮಿ ತಿನ್ನುತ್ತವೆ, ಹಾಗಾಗಿ ಬಲ್ಬು ಇಲ್ಲವೇ ಇಲ್ಲ ಎಂದು ಗಾಡಿ ತಿಳಿಯುತ್ತದೆ ಎಂದು ಹೇಳಿ, ವೈರಿನ ನಡುವೆ ಏನೋ ಸಣ್ಣದೊಂದು ಕೂಡಿಸಿದ. ಸಿಂದಗಿಯಲ್ಲಿ ಹಾಕಿ ನೋಡಿದರೆ ನಿಧಾನ. ದಾರಿಯುದ್ದಕ್ಕೂ ನಿಧಾನ. ಕ್ರಾಸಿಗೆ ಬಂದ ಕೂಡಲೇ ಮತ್ತೆ ಟಿಕ್‌ಟಿಕ್‌ಟಿಕ್... ಆಮೇಲೆ ಟಕ್... ಟಕ್. ಹದಿನೈದು ದಿನ ಹೀಗೇ ನಡೆಯಿತು. ಇವನು ಇಳಿಯುವುದು, ನೋಡುವುದು, ಹತ್ತುವುದು. ಮೊದಲು ಹಗಲೂ ರಾತ್ರಿ ನೋಡುತ್ತಿದ್ದವನಿಗೆ ಈಗ ಹೆದರಿಕೆಯೂ ಸೇರಿತು. ನಿದ್ದೆ ಸಿಗಲಿಲ್ಲ.

ಆಮೇಲೆ ಆ ದಿನ ಬಂತು.

ಸಿಂದಗಿಯ ಒಂದು ಮನೆಯವರು ಹೆಣ್ಣು ನೋಡಲು ಮುದ್ದೇಬಿಹಾಳಕ್ಕೆ ಹೊರಟಿದ್ದರು. ಬೆಳಗಿನ ಐದಕ್ಕೆ ಹತ್ತಿಸಿಕೊಂಡ. ಹೆಣ್ಣು ನೋಡಿದ್ದಾಯಿತು, ಇಷ್ಟು ದೂರ ಬಂದೇವಿ ಎಂದು ಆಲಮಟ್ಟಿಗೆ ಹೋಗಿ ಡ್ಯಾಮು ನೋಡಿದ್ದಾಯಿತು, ಬಾಗೇವಾಡಿಯಲ್ಲಿ ಗುಡಿಗೆ ಹೋದದ್ದಾಯಿತು. ಅವರನ್ನು ಸಿಂದಗಿಯಲ್ಲಿ ಇಳಿಸಿದಾಗ ರಾತ್ರಿ ಹನ್ನೆರಡು. ಒಬ್ಬನೇ ಹೊರಟ. ಎಚ್ಚರವಿರಲಿ ಎಂದು ಕಿಟಕಿಯ ಗಾಜು ಪೂರಾ ಇಳಿಸಿ ಚಳಿಗಾಳಿಗೆ ಮುಖ ಒಡ್ಡಿದ. ಆದರೂ ರೆಪ್ಪೆ ಕೂಡುತ್ತಿದ್ದವು. ಹನ್ನೊಂದು ವರ್ಷದ ದಣಿವೆಲ್ಲ ಒಟ್ಟಿಗೆ ಹೆಗಲ ಮೇಲೆ ಕೂತಿತ್ತು.

ಕ್ರಾಸು ಇನ್ನೂ ಇಪ್ಪತ್ತು ಮಾರು ಇದೆ ಅನ್ನುವಾಗ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಬುಸ್ಸ್... ಗಾಡಿ ಉರುಳುತ್ತ ಹೋಗಿ ಭಾವಿಯ ಪಕ್ಕವೇ ನಿಂತಿತು. ಇಂಜಿನ್ ಬಂದ್ ಮಾಡಿದ. ಕಾದ ಕಬ್ಬಿಣ ಆರುವ ಸದ್ದು, ಚಿಟ್... ಚಿಟ್... ಕೆಳಗೆ ನೀರು ತೊಟ್ಟಿಕ್ಕುವ ಸದ್ದು. ಬೇರೇನೂ ಇಲ್ಲ. ಆಲದ ಒಂದು ಎಲೆಯೂ ಅಲುಗಲಿಲ್ಲ.

ಹಿಂದಿನ ದೀಪ ಹಾಕಿಟ್ಟು ಇಳಿದ. ಕ್ಯಾನು ತೆಗೆಯಲು ಡಿಕ್ಕಿಯ ಕಡೆ ಹೋದ. ಅಲ್ಲಿಯೇ ಕಾಲು ನಿಂತವು.

ಎಡಗಡೆಯ ದೀಪ ಉರಿಯುತ್ತಿತ್ತು. ಬಲಗಡೆಯದು ಕತ್ತಲೆ.

ಹೋಗುವುದೇ ಇಲ್ಲ ಅಂದಿದ್ದ ಬಲ್ಬು ಹೋಗಿತ್ತು. ಅದೇ ಜಾಗ, ಅದೇ ಡಿಕ್ಕಿ, ಅದೇ ಮಗ್ಗುಲು. ಸಿಂದಗಿಯ ಕಡೆಯಿಂದ ದೂರದಲ್ಲಿ ಸದ್ದು ಕೇಳಿತು. ಡುಬ್ ಡುಬ್ ಡುಬ್ ಡುಬ್... ಕಬ್ಬಿನ ಟ್ರ್ಯಾಕ್ಟರ್. ದೀಪ ಕಂಡಿತು, ದೊಡ್ಡದಾಯಿತು. ಅವನು ಪಕ್ಕಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಬರಲಿ ಬಿಡು ಅನಿಸಿತಂತೆ. ಇದನ್ನು ಅವನು ಹೇಳುವಾಗ ರಾಜೇಶ್ವರಿ ಎದ್ದು ಒಳಗೆ ಹೋಗುತ್ತಾಳೆ.

ಆಗ ಅವನ ಬಲಗಿವಿಯ ಹತ್ತಿರ... ಬೀಡಿಯ ವಾಸನೆ. ಆಮೇಲೆ ಪಿಸುಮಾತು.

"ಸಿದ್ಯಾ... ಬಲ್ಬ್ ಹಾಕಿದೇನೋ?"

ಸಿದ್ದಾರೂಢ ತಿರುಗಲಿಲ್ಲ. ತಿರುಗಲು ಆಗಲಿಲ್ಲ. ಹಾಕೇನ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹನ್ನೊಂದು ವರ್ಷದಿಂದ ಅಲ್ಲೇ ಕೂತ ಮಾತು. ಆದರೆ ಸುಳ್ಳು ಹೇಳಲೂ ಒಂದಿಷ್ಟು ತ್ರಾಣ ಬೇಕಲ್ಲ. ಅದು ಅವನಲ್ಲಿ ಮುಗಿದಿತ್ತು.

"ಇಲ್ರಿ ಚಾಚಾ. ಹಾಕಿಲ್ಲ."

ಡುಬ್ ಡುಬ್ ಡುಬ್...

"ಯಾಕ?"

"ನಿದ್ದಿ ಬಂದಿತ್ರಿ."

ಆಮೇಲೆ ಒಂದು ಉದ್ದನೆಯ ಉಸಿರು, ದಿನವೆಲ್ಲ ಗಾಡಿ ಹೊಡೆದವನು ಸೀಟಿನಿಂದ ಇಳಿದಾಗ ಬಿಡುವಂಥದ್ದು.

"ಹ್ಞೂಂ... ನನಗೂ ಬಂದೈತಿ."

ಮತ್ತೆ ಸಣ್ಣ ಸದ್ದುಗಳು. ಕಿರ್... ಸ್ಕ್ರೂ ತಿರುಗಿದ್ದು. ಇನ್ನೊಂದು, ಕಿರ್... ಆಮೇಲೆ ಬಲ್ಬನ್ನು ಒತ್ತಿ ಹೊರಳಿಸಿದಾಗ ಹೋಲ್ಡರಿನೊಳಗೆ ಆಗುವ ಕಟ್ ಎಂಬ ಸದ್ದು. ಡ್ರೈವರಾದವನಿಗೆ ಅದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಕೊನೆಗೆ ಗಾಜಿಗೆ ಎರಡು ಸಲ. ಟಕ್... ಟಕ್.

ಬಲಗಡೆಯ ದೀಪ ಹತ್ತಿತು.

ಟ್ರ್ಯಾಕ್ಟರ್ ಬಂತು. ದೂರದಿಂದಲೇ ಅಗಲವಾಗಿ ಹೊರಳಿ ರಸ್ತೆಯ ಆ ಅಂಚು ಹಿಡಿಯಿತು. ಕಬ್ಬಿನ ಸೋಗೆ ಗಾಳಿಗೆ ಸರ್ ಸರ್ ಅನ್ನುತ್ತ ದಾಟಿಹೋಯಿತು. ಟ್ರ್ಯಾಕ್ಟರಿನವನು ಇವನ ಕಡೆ ನೋಡಲೂ ಇಲ್ಲ.

ಸಿದ್ದಾರೂಢ ರೇಡಿಯೇಟರಿಗೆ ನೀರು ಹಾಕಿದ. ಗಾಡಿ ಚಾಲು ಮಾಡಿ ಬಲಕ್ಕೆ ಇಂಡಿಕೇಟರ್ ಹಾಕಿದ. ಟಿಕ್... ಟಿಕ್... ಟಿಕ್... ನಿಧಾನ, ಹಿಂದಿನ ಹಾಗೆ. ಮನೆಯ ಮುಂದೆ ನಿಲ್ಲಿಸಿ, ಹಿಂದೆ ಹೋಗಿ ನೋಡದೇ, ಒಳಗೆ ಬಂದು ಗೋಡೆಗೆ ಒರಗಿ ಕೂತ. ರಾಜೇಶ್ವರಿ ಏನಾಯಿತು ಎಂದು ಕೇಳಿದ್ದಕ್ಕೆ ಬೆಳಗಾಗಲಿ ಅಂದ.

ಬೆಳಗಾದ ಮೇಲೆ ಕಾರು ತೆಗೆದುಕೊಂಡೇ ರೋಷನಬಿಯ ಮನೆಗೆ ಹೋದ. ಅವಳು ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇವನು ಕೆಳಗೆ ಕೂತು ಎಲ್ಲ ಹೇಳಿದ. ಸಿಂದಗಿಯ ಚಹಾದ ಅಂಗಡಿ, ಕಿಸೆಯೊಳಗಿನ ಬಲ್ಬು, ಹೇಳಿದ ಸುಳ್ಳು, ಭಾವಿ, ರಾತ್ರಿಯ ಮಾತು. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಬೆರಳು ಮಾತ್ರ ಕಲ್ಲು ಆರಿಸುತ್ತಲೇ ಇದ್ದವು. ಮುಗಿದ ಮೇಲೂ ಬಹಳ ಹೊತ್ತು ಆರಿಸಿದಳು. ಆಮೇಲೆ ಅಂದಳು:

"ಹನ್ನೊಂದ ವರ್ಷ ಬೇಕಾತೇನೋ, ಹೇಳಾಕ?"

ಅವಳು ಮೊರ ಬದಿಗಿಟ್ಟು ಎದ್ದು ಕಾರಿನ ಹಿಂದೆ ಬಂದು ನಿಂತಳು. ಗಾಜು ಬಿಚ್ಚು ಅಂದಳು. ಅವನು ಸ್ಕ್ರೂಡ್ರೈವರ್ ತಂದು ಬಲಗಡೆಯ ದೀಪದ ಎರಡು ಸ್ಕ್ರೂ ಬಿಚ್ಚಿ ಗಾಜು ತೆಗೆದ. ಒಳಗೆ ಎಲ್‌ಇಡಿ ಇರಲಿಲ್ಲ. ಅದು ಎಲ್ಲಿ ಹೋಯಿತೋ ಇವತ್ತಿನವರೆಗೆ ಸಿಕ್ಕಿಲ್ಲ. ಹೋಲ್ಡರಿನಲ್ಲಿ ಹಳೇ ನಮೂನೆಯ ಗಾಜಿನ ಬಲ್ಬು ಇತ್ತು. ಹೊರಳಿಸಿ ತೆಗೆದು ಅವಳ ಅಂಗೈ ಮೇಲೆ ಇಟ್ಟ.

ಹಿತ್ತಾಳೆಯ ಮೇಲೆ ಮೊಳೆಯ ಗೀಚು. ಅವಳು ಹೆಬ್ಬೆರಳಿನಿಂದ ಅದನ್ನು ಸವರಿದಳು.

"ಎಂಟ, ಹನ್ನೆರಡ. ಅವರ ಕೈ ಐತಿ."

ಮಾಫು ಮಾಡಿದೆ ಅನ್ನಲಿಲ್ಲ. ಮಾಡುವುದಿಲ್ಲ ಅಂತಲೂ ಅನ್ನಲಿಲ್ಲ. ಬಲ್ಬನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಮೊದ್ಲ ಮನಿಗಿ ಹೋಗಿ ಮಲ್ಕೋ," ಅಂದಳು. "ಎದ್ದ ಮ್ಯಾಲೆ ಅವತ್ತಿನ ಆ ಟ್ರ್ಯಾಕ್ಟರಿನವ್ನ ಮನಿಗಿ ಹೋಗಿ ಇಷ್ಟೂ ಹೇಳಿ ಬಾ."

ಅವನು ಹೋಗಿ ಮಲಗಿದ. ಆ ಹಗಲು, ಆ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ. ರಾಜೇಶ್ವರಿ ನಡುನಡುವೆ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದಳಂತೆ. ಎದ್ದವನು ಸ್ನಾನ ಮಾಡಿ, ಉಂಡು, ಟ್ರ್ಯಾಕ್ಟರಿನವನ ಊರಿಗೆ ಹೋದ. ಅಲ್ಲಿ ಏನಾಯಿತೋ ಯಾರಿಗೂ ಹೇಳಿಲ್ಲ. ಅಂಗಿ ಹರಿದುಕೊಂಡು ಬಂದದ್ದನ್ನು ಮಾತ್ರ ನಾವು ನೋಡಿದ್ದೇವೆ. ಕ್ರಾಸಿನಲ್ಲಿ ಆಮೇಲೆ ಏನೂ ಕೇಳಿಸಿಲ್ಲ.

ದಣಿದವನ ಕನಸು ಅನ್ನುತ್ತೀರಿ, ಅನ್ನಿರಿ. ಮೆಹರಾಜನೂ ಮೊದಲು ಹಾಗೇ ಅಂದ. ಆದರೆ ಆ ಬಲ್ಬನ್ನು ಡಬ್ಬಿಯಿಂದ ತೆಗೆದುಕೊಟ್ಟವನು ಅವನೇ. ಆಗ ಅದು ಒಮ್ಮೆಯೂ ಉರಿಯದ ಹೊಸ ಬಲ್ಬು, ಗಾಜು ತಿಳಿಯಾಗಿತ್ತು ಎಂದು ಅವನು ಯಾರ ಮುಂದೆ ಬೇಕಾದರೂ ಹೇಳುತ್ತಾನೆ. ಅದು ಈಗ ರೋಷನಬಿಯ ಮನೆಯ ಗೂಡಿನಲ್ಲಿದೆ. ಹೋಗಿ ಕೇಳಿದರೆ ತೋರಿಸುತ್ತಾಳೆ, ನಾವೂ ಕೈಯಲ್ಲಿ ಹಿಡಿದು ನೋಡಿದ್ದೇವೆ. ವರ್ಷಗಟ್ಟಲೆ ದಿನಾ ರಾತ್ರಿ ಉರಿದ ಬಲ್ಬಿನ ಹಾಗೆ ಅದರ ಗಾಜು ಕಪ್ಪಾಗಿದೆ. ಒರೆಸಿದರೆ ಹೋಗುವುದಿಲ್ಲ. ಕಪ್ಪು ಒಳಗಡೆ ಇದೆ.